ಕಂತಿನ ಕಥೆ ಬರೆಯುವ ಆ್ಯಪ್: ಸ್ಟಾರ್ ಬಿಡಿ, ಪ್ಯಾರಾ ಪಕ್ಕದ ಕಾಮೆಂಟ್ ನೋಡಿ

ಎಂಟು ತಿಂಗಳಿಂದ ಒಂದು ಆ್ಯಪ್‌ನಲ್ಲಿ ಕಂತು ಕಂತಾಗಿ ಕಥೆ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ, ಸ್ವಲ್ಪ ಬೈಯುವುದಿದೆ. ಓದುವವರಿಗೆ ಇಂಥ ಆ್ಯಪ್ ಹೇಗಿರುತ್ತದೆ ಅಂತ ಬೇಕಾದಷ್ಟು ಜನ ಬರೆದಿದ್ದಾರೆ. ಬರೆಯುವವರ ಕಡೆಯಿಂದ ಯಾರೂ ಜಾಸ್ತಿ ಹೇಳಿದ ಹಾಗಿಲ್ಲ. ಅದರಲ್ಲೂ ಓದುಗರ ಮಾತು ನಮ್ಮ ತನಕ ಹೇಗೆ ಬರುತ್ತದೆ, ಬಂದಮೇಲೆ ಅದನ್ನು ಏನು ಮಾಡುವುದು ಅನ್ನುವುದು.

ಇದರ ದೊಡ್ಡ ಗುಣ ಒಂದೇ. ಓದುಗರು ಯಾವ ಪ್ಯಾರಾ ಬೇಕಾದರೂ ಒತ್ತಿ, ಅದರ ಪಕ್ಕದಲ್ಲೇ ಕಾಮೆಂಟ್ ಹಾಕಬಹುದು. ವಾಟ್‌ಪ್ಯಾಡ್ ಅನ್ನುವ ಕಥೆಗಳ ಆ್ಯಪ್ ಬಳಸಿದವರಿಗೆ ಇದು ಹೊಸದಲ್ಲ. ಕಂತಿನ ಕೊನೆಗೆ ಬರುವ ಕಾಮೆಂಟ್‌ಗಳು ಹೆಚ್ಚಾಗಿ ‘ಸೂಪರ್, ಮುಂದಿನ ಭಾಗ ಬೇಗ ಹಾಕಿ’ ಅನ್ನುವಂಥವು. ಓದಿದರೆ ಖುಷಿಯಾಗುತ್ತದೆ, ಕೆಲಸಕ್ಕೆ ಬರುವುದಿಲ್ಲ. ಪ್ಯಾರಾ ಪಕ್ಕದ್ದು ಹಾಗಲ್ಲ. ‘ಇದು ಅಕ್ಕ ಹೇಳಿದ್ದಾ, ತಂಗಿ ಹೇಳಿದ್ದಾ?’ ಅಂತ ಒಂದೇ ಸಾಲಿನ ಹತ್ತಿರ ಮೂರು ಜನ ಕೇಳಿದರೆ ಆ ಸಾಲು ಕೆಟ್ಟಿದೆ, ಅಷ್ಟೇ. ವಾದ ಮಾಡುವ ಹಾಗೇ ಇಲ್ಲ.

ನನ್ನ ಕಥೆ ಅಕ್ಕ ತಂಗಿ ಇಬ್ಬರು ಅಪ್ಪನ ಮನೆ ಖಾಲಿ ಮಾಡುವುದರ ಬಗ್ಗೆ. ಮೂರನೇ ಕಂತಿನಲ್ಲಿ ಒಬ್ಬ ಬೀಗ ರಿಪೇರಿಯವನು ಬಂದು ಬೀರು ತೆಗೆದುಕೊಟ್ಟು ಹೋಗುತ್ತಾನೆ. ಅವನ ಕೆಲಸ ಅಷ್ಟೇ ಇತ್ತು. ಹೋಗುವಾಗ ‘ಈ ಬೀಗ ನಾನು ಮುಂಚೆ ನೋಡಿದ್ದೇನೆ’ ಅಂತ ಒಂದು ಮಾತು ಸುಮ್ನೆ ಹೇಳಿಸಿಬಿಟ್ಟಿದ್ದೆ. ಮಾರನೇ ದಿನ ನೋಡಿದರೆ ಆ ಒಂದು ಪ್ಯಾರಾ ಪಕ್ಕದಲ್ಲಿ ಹನ್ನೊಂದು ಕಾಮೆಂಟ್! ಇವನಿಗೂ ಅಪ್ಪನಿಗೂ ಏನೋ ಸಂಬಂಧ ಇದೆ ಅಂತ ಒಬ್ಬರು, ಇವನೇ ಕಳ್ಳ ಅಂತ ಇನ್ನೊಬ್ಬರು, ಇಬ್ಬರ ಮಧ್ಯೆ ಜಗಳ ಬೇರೆ.

ಇಲ್ಲಿ ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ‘ಇಲ್ಲ ಇಲ್ಲ, ಅವನು ಮತ್ತೆ ಬರುವುದಿಲ್ಲ’ ಅಂತ ಉತ್ತರ ಬರೆದೆ. ಪ್ರಾಮಾಣಿಕವಾಗಿ ಇರೋಣ ಅಂತ! ಅವತ್ತೇ ಮಾತು ನಿಂತುಹೋಯಿತು. ಹನ್ನೊಂದು ಜನ ಕಟ್ಟಿಕೊಂಡಿದ್ದ ಕುತೂಹಲಕ್ಕೆ ನಾನೇ ನೀರು ಹುಯ್ದಿದ್ದೆ. ಅಷ್ಟೇ ಅಲ್ಲ, ಎರಡು ವಾರ ಆದಮೇಲೆ ನನಗೇ ಅನ್ನಿಸಿತು, ಆ ಬೀಗವನ್ನು ಅವನು ಎಲ್ಲಿ ನೋಡಿರಬಹುದು ಅನ್ನುವುದರಲ್ಲಿ ನಾನು ಯೋಚಿಸಿದ್ದಕ್ಕಿಂತ ಒಳ್ಳೆಯ ಕಥೆ ಇದೆ ಅಂತ. ಆದರೆ ಅವನು ಬರುವುದಿಲ್ಲ ಅಂತ ಬರೆದುಕೊಟ್ಟಾಗಿತ್ತಲ್ಲ. ಕೊನೆಗೆ ಮಾತು ಮುರಿದು ಒಂಬತ್ತನೇ ಕಂತಿನಲ್ಲಿ ಅವನನ್ನು ಕರೆಸಿದೆ. ಈಗ ‘ಮುಂದೆ ಏನಾಗುತ್ತದೆ’ ಅನ್ನುವ ಪ್ರಶ್ನೆಗೆ ಉತ್ತರವೇ ಕೊಡುವುದಿಲ್ಲ. ಅರ್ಥವಾಗಲಿಲ್ಲ ಅಂದವರಿಗೆ ಮಾತ್ರ ಕೊಡುತ್ತೇನೆ, ಅದೂ ಚಿಕ್ಕದಾಗಿ.

ಓದುಗರು ‘ಹೀಗೆ ಮಾಡಿ’ ಅನ್ನುವುದಕ್ಕೂ ‘ಇಲ್ಲಿ ಎಡವಿದೆ’ ಅನ್ನುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಅಕ್ಕನಿಗೆ ಮದುವೆ ಮಾಡಿಸಿ ಅಂದವರು ಆರು ಜನ. ಮಾಡಿಸಲಿಲ್ಲ. ಆದರೆ ಅಷ್ಟು ಜನಕ್ಕೆ ಅವಳು ಒಂಟಿ ಅನ್ನಿಸುತ್ತಿದ್ದಾಳೆ ಅಂತ ತಿಳಿಯಿತು, ಆಮೇಲೆ ಅವಳಿಗೆ ಮಾತಾಡಲು ಒಬ್ಬಳು ಗೆಳತಿಯನ್ನು ತಂದೆ. ಮದುವೆ ಕೇಳುವುದು ನಿಂತಿತು.

ಹಾಗಂತ ಓದುಗರು ಹೇಳಿದ್ದಕ್ಕೆ ಕಥೆಯ ದಾರಿ ಬದಲಿಸಲೇಬಾರದು ಅಂತಲ್ಲ. ಚಾರ್ಲ್ಸ್ ಡಿಕನ್ಸ್ ‘ಡೇವಿಡ್ ಕಾಪರ್‌ಫೀಲ್ಡ್’ ಅನ್ನು 1849ರಿಂದ 1850ರವರೆಗೆ ತಿಂಗಳಿಗೊಂದು ಕಂತಿನಂತೆ ಹೊರತರುತ್ತಿದ್ದಾಗ, ಅದರಲ್ಲಿ ಬರುವ ಕುಳ್ಳಗಿನ ಹೆಂಗಸಿನ ಪಾತ್ರ ತನ್ನದೇ ರೂಪ ಅಂತ ಗುರುತು ಹಿಡಿದ ಒಬ್ಬ ಮಹಿಳೆ ನೊಂದು ಕಾಗದ ಬರೆದರು. ಡಿಕನ್ಸ್ ಮುಂದಿನ ಕಂತುಗಳಲ್ಲಿ ಆ ಪಾತ್ರವನ್ನು ಒಳ್ಳೆಯವಳನ್ನಾಗಿ ತಿರುಗಿಸಿಬಿಟ್ಟರು. ಒಬ್ಬರಿಗೆ ನೋವಾಗಿದೆ ಅನ್ನುವುದು ಬೇರೆ, ನನಗೆ ಮದುವೆ ನೋಡುವ ಆಸೆ ಅನ್ನುವುದು ಬೇರೆ, ಅಲ್ವಾ?

ಈಗ ಬೈಯುವ ಭಾಗ. ಆರನೇ ಕಂತಿನಲ್ಲಿ ಬೀರುವಿನ ಕೀಲಿ ಅಕ್ಕನ ಕೈಯಲ್ಲಿತ್ತು. ಎರಡನೇ ಕಂತಿನಲ್ಲಿ ಅದನ್ನು ತಂಗಿಯ ಚೀಲಕ್ಕೆ ಹಾಕಿದ್ದೇ ನಾನು. ಒಬ್ಬ ಓದುಗರು ಪಟ್ ಅಂತ ಹಿಡಿದರು. ಪ್ಯಾರಾ ತಿದ್ದಿ ಸೇವ್ ಮಾಡಿದೆ. ಅದರ ಪಕ್ಕದಲ್ಲಿದ್ದ ಕಾಮೆಂಟ್ ಎಲ್ಲಾ ಮಾಯ! ಹಿಡಿದುಕೊಟ್ಟವರ ಕಾಮೆಂಟೂ ಹೋಯಿತು. ಅವರು ಪಾಪ, ನಾನೇ ಅಳಿಸಿದೆ ಅಂದುಕೊಂಡರು. ತಿದ್ದಿದರೆ ಕಾಮೆಂಟ್ ಹೋಗುತ್ತದೆ ಅಂತ ಒಂದು ಎಚ್ಚರಿಕೆಯಾದರೂ ಬೇಡವೇ? ಬೆಂಬಲದವರಿಗೆ ಬರೆದೆ, ಎಲ್ಲರಿಗೂ ಕಳಿಸುವ ಸಿದ್ಧ ಉತ್ತರ ಬಂತು. ಅಂದಿನಿಂದ ತಿದ್ದುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡುತ್ತೇನೆ, ಕಂತಿನ ಕೊನೆಯ ಲೇಖಕರ ಮಾತಿನಲ್ಲಿ ‘ಕೀಲಿ ಈಗ ಸರಿಯಾದ ಚೀಲದಲ್ಲಿದೆ, ಹಿಡಿದುಕೊಟ್ಟವರಿಗೆ ಥ್ಯಾಂಕ್ಸ್’ ಅಂತ ಒಂದು ಸಾಲು ಹಾಕುತ್ತೇನೆ.

ಅಂಕಿ ಅಂಶದ ಪುಟವೂ ಅಷ್ಟಕ್ಕಷ್ಟೇ. ಎಷ್ಟು ಜನ ಕಂತು ತೆರೆದರು ಅಂತ ತೋರಿಸುತ್ತದೆ, ಎಷ್ಟು ಜನ ಮುಗಿಸಿದರು ಅಂತ ಇಲ್ಲ. ನಾನು ಒಂದನೇ ಕಂತಿಗೂ ಎರಡನೇ ಕಂತಿಗೂ ಎಷ್ಟು ಬಿದ್ದುಹೋಯಿತು ಅಂತ ಮಾತ್ರ ನೋಡುತ್ತೇನೆ. ಅಲ್ಲಿ ಬಿದ್ದರೆ ತಪ್ಪು ನನ್ನ ಆರಂಭದ್ದು. ಸ್ಟಾರ್‌ಗಳಿಂದ ಏನೂ ತಿಳಿಯುವುದಿಲ್ಲ. ಒಂದು ಸ್ಟಾರ್ ಕೊಟ್ಟವರು ಯಾಕೆ ಕೊಟ್ಟರು ಅಂತ ಯೋಚಿಸಿ ಒಂದು ಭಾನುವಾರ ಹಾಳುಮಾಡಿಕೊಂಡಿದ್ದೇನೆ.

ದಿನಾ ಬರೆದರೆ ಸಿಗುವ ಬ್ಯಾಡ್ಜ್ ಅಂತೂ ಶುದ್ಧ ಕಾಟ. ಅದರ ಆಸೆಗೆ ಬಿದ್ದು ಐದನೇ ಕಂತನ್ನು ರಾತ್ರಿ ಬರೆದು ರಾತ್ರಿಯೇ ಹಾಕಿದೆ, ಇಡೀ ಕಥೆಯಲ್ಲಿ ಅದೇ ಸೊರಗಿದ ಕಂತು. ಈಗ ನಾಲ್ಕು ಕಂತು ಮುಂದೆ ಬರೆದಿಟ್ಟುಕೊಂಡು ಶೆಡ್ಯೂಲ್ ಮಾಡುತ್ತೇನೆ, ಈ ಸೌಲಭ್ಯ ಮಾತ್ರ ತಕರಾರಿಲ್ಲದೆ ಕೆಲಸ ಮಾಡುತ್ತದೆ. ಇದರಿಂದ ಇನ್ನೊಂದು ಲಾಭ: ಯಾರಾದರೂ ಇವತ್ತು ಖಾರವಾಗಿ ಬರೆದರೂ ನಾಳೆಯ ಕಂತು ಸಿಟ್ಟಿನಲ್ಲಿ ಹುಟ್ಟುವುದಿಲ್ಲ.

ಮೂಲ ಪ್ರತಿಯನ್ನು ಆ್ಯಪ್ ಒಳಗೆ ಮಾತ್ರ ಇಡಬೇಡಿ. ಅಮೆಜಾನ್‌ನಂಥ ಕಂಪನಿಯೇ 2021ರಲ್ಲಿ ಇದೇ ಥರದ ಕಿಂಡಲ್ ವೆಲ್ಲಾ ಶುರುಮಾಡಿ 2025ರ ಫೆಬ್ರವರಿಯಲ್ಲಿ ಮುಚ್ಚಿತು.

ಪ್ಯಾರಾ ಕಾಮೆಂಟ್‌ಗೆ ಐದು, ಉಳಿದದ್ದಕ್ಕೆ ಎರಡು. ಹನ್ನೆರಡನೇ ಕಂತು ಶುಕ್ರವಾರ ಬರುತ್ತದೆ. ಬೀಗದವನು ಅದರಲ್ಲಿ ಇದ್ದಾನೋ ಇಲ್ಲವೋ, ಕೇಳಬೇಡಿ.