ಹೋಸ್ಟಾ, ಹ್ಯೂಕೆರಾ: ನೆರಳಿನ ಹಿತ್ತಲಿನಲ್ಲಿ ಮೂರು ವರ್ಷ

ಎಡಿನ್‌ಬರೋದಲ್ಲಿರುವ ನಮ್ಮ ಮನೆಯ ಹಿತ್ತಲು ಉತ್ತರ ದಿಕ್ಕಿಗಿದ್ದು, ಚಳಿಗಾಲದಲ್ಲಿ ಅಲ್ಲಿಗೆ ಬಿಸಿಲೇ ಬೀಳುವುದಿಲ್ಲ. ಹಾಗಾಗಿ ಹೂವಿನ ಆಸೆ ಬಿಟ್ಟು, ಎಲೆಯ ಚೆಲುವಿಗೆಂದೇ ಬೆಳೆಸುವ ಎರಡು ಗಿಡಗಳನ್ನು ಮೂರು ವರ್ಷ ಅಕ್ಕಪಕ್ಕದಲ್ಲಿಟ್ಟು ನೋಡಿದೆ. ಹೋಸ್ಟಾದಲ್ಲಿ ‘ಹಾಲ್ಸಿಯನ್’ ತಳಿ, ಹ್ಯೂಕೆರಾದಲ್ಲಿ ‘ಪ್ಯಾಲೇಸ್ ಪರ್ಪಲ್’. ತಲಾ ಮೂರು ಕುಂಡ, ಮಣ್ಣು ಒಂದೇ.

ಚಳಿಗೆ ಎರಡೂ ಜಗ್ಗುವುದಿಲ್ಲ, ಆದರೆ ಹೋಸ್ಟಾ ಮೊದಲ ಹಿಮಕ್ಕೇ ಹಳದಿಯಾಗಿ ನೆಲಕಚ್ಚಿ ಏಪ್ರಿಲ್‌ವರೆಗೆ ಮಣ್ಣಿನೊಳಗೇ ಮಲಗಿರುತ್ತದೆ. ಫೆಬ್ರವರಿಯಲ್ಲಿ ಬಂದಿದ್ದ ಅಮ್ಮ, “ಖಾಲಿ ಕುಂಡಕ್ಕೆ ಇಷ್ಟು ಆರೈಕೆಯೇನೋ?” ಎಂದು ನಕ್ಕಿದ್ದರು. ಹ್ಯೂಕೆರಾ ಮಾತ್ರ ಮಂಜಿನ ನಡುವೆಯೂ ನೇರಳೆ ಎಲೆ ಹೊತ್ತು ನಿಲ್ಲುತ್ತದೆ.

ಬೇಸಿಗೆಯಲ್ಲಿ ಹೋಸ್ಟಾದ ಮುಂದೆ ಅದು ಸಪ್ಪೆ. ಹಾಲ್ಸಿಯನ್ ಎಲೆಯ ನೀಲಿ ನಿಜವಾದ ಬಣ್ಣವಲ್ಲ, ಮೇಣದ ತೆಳು ಲೇಪ. ಬೆರಳಿನಿಂದ ಉಜ್ಜಿದರೆ ಅಡಿಯ ಹಸಿರು ಕಾಣುತ್ತದೆ, ಮಳೆ ಬಿದ್ದರೆ ಕೆಸುವಿನೆಲೆಯ ಮೇಲಿನಂತೆಯೇ ನೀರು ಮಣಿಮಣಿಯಾಗಿ ಉರುಳುತ್ತದೆ. ಹೆಚ್ಚು ಬಿಸಿಲು ತಾಗಿದರೆ ಈ ಲೇಪ ಅಳಿಯುವುದರಿಂದ ನೆರಳೇ ಇದಕ್ಕೆ ಲೇಸು.

ಹೋಸ್ಟಾದ ಹಗೆ ಚಿಪ್ಪಿಲ್ಲದ ಬಸವನಹುಳು. ಅದನ್ನು ಕೊಲ್ಲುವ ಮೆಟಾಲ್ಡಿಹೈಡ್ ವಿಷದ ಗುಳಿಗೆಗಳ ಹೊರಾಂಗಣ ಬಳಕೆಯನ್ನು ಬ್ರಿಟನ್ನಿನಲ್ಲಿ 2022ರ ವಸಂತದಿಂದ ನಿಷೇಧಿಸಿರುವುದರಿಂದ, ಮೇ ತಿಂಗಳಿಡೀ ರಾತ್ರಿ ಟಾರ್ಚ್ ಹಿಡಿದು ಹೆಕ್ಕಿದೆ. ಹಾಲ್ಸಿಯನ್ನಿನ ಎಲೆ ದಪ್ಪವಾದ್ದರಿಂದ ನಾಲ್ಕಾರು ತೂತುಗಳಲ್ಲೇ ಪಾರಾಯಿತು.

ಹ್ಯೂಕೆರಾದ ಎಲೆಗೆ ಈ ಕಾಟ ಕಡಿಮೆ, ಹಾಗೆಂದೇ ನಾನು ಮೋಸಹೋದೆ. ಎರಡನೆಯ ವರ್ಷದ ಮಾರ್ಚಿನಲ್ಲಿ ಬಾಡಿದ ಗಿಡವೊಂದನ್ನು ಮುಟ್ಟಿದ್ದೇ ತಡ, ಬೇರಿಲ್ಲದ ಬುಡ ಸಲೀಸಾಗಿ ಕೈಗೆ ಬಂತು. ಕುಂಡ ಬೋರಲು ಹಾಕಿದರೆ ಕಂದುತಲೆಯ, ಕಾಲಿಲ್ಲದ ಬಿಳಿಹುಳುಗಳು ಬಿಲ್ಲಿನಂತೆ ಬಾಗಿ ಮಲಗಿದ್ದವು: ವೈನ್ ವೀವಿಲ್ ಎಂಬ ಮೂತಿಹುಳುವಿನ ಮರಿಗಳು. ಮಣ್ಣು ಇನ್ನೂ ಬೆಚ್ಚಗಿರುವ ಆಗಸ್ಟ್–ಸೆಪ್ಟೆಂಬರಿನಲ್ಲಿಯೇ ಈ ಮರಿಗಳನ್ನು ಕೊಲ್ಲುವ ನೆಮಟೋಡ್ ಎಂಬ ಸೂಕ್ಷ್ಮ ಹುಳುಗಳನ್ನು ಬೆರೆಸಿದ ನೀರು ಹಾಕಬೇಕಿತ್ತು. ಮುಂದಿನ ವರ್ಷ ಹಾಕುವಷ್ಟರಲ್ಲಿ ಎರಡನೆಯ ಗಿಡವೂ ಹೋಗಿತ್ತು. ಸಾಲದ್ದಕ್ಕೆ ಹ್ಯೂಕೆರಾದ ಕಾಂಡ ವರ್ಷ ಕಳೆದಂತೆ ಮಣ್ಣಿನಿಂದ ಮೇಲೇರಿ ಬೋಳಾಗುವುದರಿಂದ, ಎರಡು ಮೂರು ವರ್ಷಕ್ಕೊಮ್ಮೆ ಕಿತ್ತು ಆಳವಾಗಿ ನೆಡಬೇಕು.

ಕುಂಡಕ್ಕಾದರೆ ನನ್ನ ಆಯ್ಕೆ ಹೋಸ್ಟಾ. ಅದರ ಶತ್ರು ಕಣ್ಣಿಗೆ ಕಾಣುತ್ತದೆ. ಉಳಿದ ಒಂದು ಹ್ಯೂಕೆರಾವನ್ನು ಎಲೆಗಳ ಬುಡದವರೆಗೆ ಮಣ್ಣು ಕೊಟ್ಟು ಗೋಡೆಯ ಪಕ್ಕದ ನೆಲಕ್ಕೆ ಇಳಿಸಿದ್ದೇನೆ. ತೆರವಾದ ಮೂರು ಕುಂಡಗಳಿಗೆ, ಹೋಸ್ಟಾದ ಬುಡವನ್ನು ಮೊಳಕೆ ಸಮೇತ ಚೂರಿಯಿಂದ ಸೀಳಿ ನೆಟ್ಟಾಗಿದೆ.