ಅರ್ಮೇನಿಯನ್ ಪುರಾಣಚಿತ್ರದ ಕಿಟ್: ನಕ್ಷೆ ಚೆನ್ನ, ಚಿನ್ನ ಸುಳ್ಳು

ಅರ್ಮೇನಿಯಾದ ರಾಜಧಾನಿ ಯೆರೆವಾನ್‌ನ ಅಂಗಡಿಯೊಂದರ ಈ ಚಿತ್ರ ಬಿಡಿಸುವ ಕಿಟ್ ಕೊಳ್ಳಬೇಕಾದ್ದು ಎಂಟು ಎಸಳಿನ ಅನಂತಚಕ್ರ 'ಅರೆವಖಾಚ್' ಹಾಳೆಗಾಗಿ. 12 ಸೆಂ.ಮೀ. ವ್ಯಾಸದ ವೃತ್ತವನ್ನು 45 ಡಿಗ್ರಿಗೊಂದರಂತೆ ಭಾಗ ಮಾಡಿ, ಪ್ರತಿ ತ್ರಿಜ್ಯದ ನಟ್ಟನಡುವೆ ಕೈವಾರ ಊರಿ 3 ಸೆಂ.ಮೀ. ಅಳತೆಯಲ್ಲಿ ಅರ್ಧವೃತ್ತ ಎಳೆಯಬೇಕು. ಎಲ್ಲವೂ ಒಂದೇ ಕಡೆ ಬಾಗಿರಲಿ. ಒಂದು ತಿರುಗಿದರೂ ಚಕ್ರ ತಿರುಗುವ ಭಾವವೇ ಹೋಗುತ್ತದೆ.

ಅರ್ಮೇನಿಯನ್ ಪುರಾಣದ ದೇವರು ವಹಾಗ್ನ್‌ನ ಚಿತ್ರ ಸುಮಾರು. ಕೆಂಪು ಜೊಂಡಿನಿಂದ ಹುಟ್ಟಿದ ಬೆಂಕಿಗೂದಲಿನ ದೇವರಿಗೆ ಕಂದು ಕೂದಲಂತೆ! ಕಾರ್ಮೈನ್ ಕೆಂಪು ಸೊಗಸಾಗಿದೆ, ಬಿಸಿಲಿಗೆ ಮಾತ್ರ ಮಂಕಾಗುತ್ತದೆ. ನೀರಲ್ಲಿ ಅರೆದ ಬಣ್ಣಕ್ಕೆ ಸಮಪಾಲು ಮೊಟ್ಟೆಯ ಹಳದಿ ಸೇರಿಸಿ; ಕಡಿಮೆಯಾದರೆ ಬಣ್ಣ ಪುಡಿಪುಡಿಯಾಗಿ ಉದುರುತ್ತದೆ, ಹೆಚ್ಚಾದರೆ ಜಿಡ್ಡುಜಿಡ್ಡಾಗಿ ಬಿರುಕು ಬಿಡುತ್ತದೆ. 'ಚಿನ್ನ' ಎಂದು ಕೊಟ್ಟಿರುವುದು ಹಿತ್ತಾಳೆ ಪುಡಿ, ಕ್ರಮೇಣ ಕಪ್ಪಾಗುತ್ತದೆ. ಅದರ ಬದಲು ಮೈಕಾ ಪುಡಿಯನ್ನು ಗೋಂದಿನಲ್ಲಿ ಕಲಸಿ ಬಳಸಿ.