ಪ್ರಯೋಗಾಲಯದ ರಾಸಾಯನಿಕಗಳಿಗೆ ಕಲಬುರಗಿಯಲ್ಲೊಂದು ನಂಬಬಹುದಾದ ಅಂಗಡಿ

ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿಯ ಈ ಅಂಗಡಿಯಿಂದಲೇ ನಮ್ಮ ಕಾಲೇಜಿನ ಸಾವಯವ ರಸಾಯನಶಾಸ್ತ್ರದ ಪ್ರಯೋಗಗಳಿಗೆ ಸಾಮಗ್ರಿ ತರಿಸುತ್ತೇವೆ. ಜಲರಹಿತ ಅಲ್ಯೂಮಿನಿಯಂ ಕ್ಲೋರೈಡ್ ಕೇಳಿದಾಗ ಮಾಲೀಕರು ಸೀಲು ಒಡೆಯದ ಬಾಟಲಿಯನ್ನೇ ಕೊಟ್ಟು, ತಯಾರಿಕೆಯ ದಿನಾಂಕವನ್ನೂ ತೋರಿಸಿದರು; ಮಳೆಗಾಲದ ತೇವ ತಗುಲಿದರೆ ಅದು ಹೈಡ್ರೋಜನ್ ಕ್ಲೋರೈಡಿನ ಹೊಗೆಯುಗುಳಿ ಕೆಡುವುದರಿಂದ ಈ ಎಚ್ಚರಿಕೆ ಬಹಳ ಮುಖ್ಯ. ಬೆಂಜೀನಿನಂಥ ಉಂಗುರಕ್ಕೆ ಅಸೈಲ್ ಗುಂಪು ಸೇರಿಸಿ ಕೀಟೋನ್ ತಯಾರಿಸುವ ಫ್ರೀಡಲ್–ಕ್ರಾಫ್ಟ್ಸ್ ಅಸೈಲೀಕರಣದಲ್ಲಿ ಇದನ್ನು ಸಾಮಾನ್ಯವಾಗಿ ಸ್ವಲ್ಪವೇ ಸಾಕಾಗುವ ವೇಗವರ್ಧಕವೆಂದು ಕರೆದರೂ, ಉಂಟಾದ ಕೀಟೋನ್ ಅದನ್ನು ಬಂಧಿಸಿಟ್ಟುಕೊಳ್ಳುವ ಕಾರಣ 1 ಮೋಲ್ ಅಸೈಲ್ ಕ್ಲೋರೈಡಿಗೆ 1 ಮೋಲ್‌ಗಿಂತ ತುಸು ಹೆಚ್ಚೇ ಬೇಕಾಗುತ್ತದೆ. ವಿದ್ಯಾರ್ಥಿಗಳು ಆ ಲೆಕ್ಕದಲ್ಲೇ ಕೊಳ್ಳಬೇಕು. ಆಮ್ಲ ಮತ್ತು ಆಲ್ಕೋಹಾಲಿನಿಂದ ಎಸ್ಟರ್ ತಯಾರಿಸುವ ಎಸ್ಟರೀಕರಣಕ್ಕಾದರೋ ವೇಗವರ್ಧಕವಾಗಿ ಸಲ್ಫ್ಯೂರಿಕ್ ಆಮ್ಲದ ಕೆಲವೇ ಹನಿ ಸಾಕು. ಕೀಟೋನನ್ನು ಆಲ್ಕೋಹಾಲಾಗಿ ಅಪಕರ್ಷಿಸುವ ಸೋಡಿಯಂ ಬೋರೋಹೈಡ್ರೈಡ್ ಚಿಕ್ಕ ಬಾಟಲಿಗಳಲ್ಲಿ ದೊರೆಯುವುದು ಸಣ್ಣ ಕಾಲೇಜುಗಳಿಗೆ ದೊಡ್ಡ ಅನುಕೂಲ. ಹೈಡ್ರೋಜನ್ ಸೇರಿಸುವ ಕ್ರಿಯೆಗಳಿಗೆ ವೇಗವರ್ಧಕವಾದ ಪಲ್ಲಾಡಿಯಂ ಲೇಪಿತ ಇದ್ದಿಲನ್ನು ಮಾತ್ರ ಮುಂಗಡ ಕೊಟ್ಟು ತರಿಸಿಕೊಳ್ಳಬೇಕು, ಅದಕ್ಕೆ ವಾರಗಟ್ಟಲೆ ಕಾಯಬೇಕಾಗುತ್ತದೆ.